ಅಪ್ಪನ ಕಾಗದ

ನಿನ್ನೆ ಊಟ ಆದಮೇಲೆ ಅಪ್ಪ ಒಂದು ಕಾಗದ ತಂದು ಮುಂದಿಟ್ಟರು. ಎಲ್‌ಐಸಿದು ಇರಬೇಕು ಅಂದುಕೊಂಡೆ. ಅಲ್ಲ, ಲಿವಿಂಗ್ ವಿಲ್. ಗುಣವಾಗುವ ಆಸೆಯೇ ಇಲ್ಲದಿದ್ದರೆ ವೆಂಟಿಲೇಟರ್ ಹಾಕಿ ಎಳೆಯಬೇಡಿ ಅಂತ ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಒಪ್ಪಿದೆ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಅಷ್ಟೆಲ್ಲ ಓಡಾಡೋರು ಯಾರು? 2023ರಿಂದ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು.

ತಮಗೆ ಮಾತಾಡಲು ಆಗದಿದ್ದಾಗ ತಮ್ಮ ಪರವಾಗಿ ಹೇಳುವವರು ಅನ್ನುವ ಕಡೆ ನನ್ನ ಹೆಸರು ಬರೆದಿದ್ದರು. ಅಮ್ಮನ ಹೆಸರು ಯಾಕಿಲ್ಲ ಅಂದೆ.

"ಅವಳು ಬಿಡಲ್ಲ ಕಣೋ. ಮನೆ ಮಾರಿಯಾದ್ರೂ ಐಸಿಯುನಲ್ಲಿ ಇಡಿಸ್ತಾಳೆ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಅವರ ದೇಹ, ಅವರ ತೀರ್ಮಾನ. ಬೇರೆಯವರ ಅಪ್ಪ ಆಗಿದ್ದರೆ ನಾನೂ ಇದನ್ನೇ ಜೋರಾಗಿ ವಾದಿಸುತ್ತಿದ್ದೆ, ಅಲ್ವಾ? ಆದರೆ ಅಜ್ಜಿಗೆ ಕ್ಯಾನ್ಸರ್ ಆದಾಗ ಎಂಟು ತಿಂಗಳು 'ಸುಮ್ನೆ ಗ್ಯಾಸ್ಟ್ರಿಕ್ಕು' ಅಂತ ಸುಳ್ಳು ಹೇಳಿದವರೂ ಇದೇ ಅಪ್ಪ. ಅಜ್ಜಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ಅದನ್ನು ನೆನಪಿಸಿದೆ. ಅಪ್ಪ ಸ್ವಲ್ಪ ಹೊತ್ತು ಕನ್ನಡಕ ಒರೆಸುತ್ತಾ ಕೂತರು.

"ಅದಕ್ಕೇ ಬರೆದಿದ್ದು" ಅಂದರು.

ಕಾಗದ ಈಗ ಫ್ರಿಜ್ ಮೇಲಿದೆ. ಶನಿವಾರ ನೋಟರಿ ಹತ್ತಿರ ಹೋಗಬೇಕಂತೆ, ನನ್ನ ಬೈಕಲ್ಲೇ.