ಆ ದಿನ ತಡವಾಗಿದ್ದು ನನ್ನ ಊಟ

ಆಲ್ದೂರಿಂದ ದಿನಾ ಬಸ್ಸು ಹತ್ತಿ ಚಿಕ್ಕಮಗಳೂರಲ್ಲಿ ಕಾಫಿ ಕಾಯಿಯ ಸಿಪ್ಪೆ ಬಿಡಿಸಿ ಬೀಜ ಹದಮಾಡೋ ಒಂದು ಕಾರ್ಖಾನೆಗೆ, ಅಂದ್ರೆ ಕಾಫಿ ಕ್ಯೂರಿಂಗ್‌ಗೆ ಕೆಲಸಕ್ಕೆ ಹೋಗ್ತೀನಿ. ಆರು ವರ್ಷ ಅಲ್ಲಿ ಸ್ಯಾಂಪಲ್ ರೂಮಿನಲ್ಲಿದ್ದೆ. ಈಗ ಗೇಟಿನ ಪಕ್ಕ ಕೂತು ಲಾರಿ ನಂಬರ್ ಬರೀತೀನಿ.

ಸ್ಯಾಂಪಲ್ ರೂಮಿನ ಬಗ್ಗೆ ಮೊದಲು ಹೇಳಿಬಿಡ್ತೀನಿ, ನನಗೆ ಆ ಕೆಲಸ ಅಂದ್ರೆ ಪ್ರಾಣ. ಬೆಳೆಗಾರರು ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಕಾಯಿ, ತಂದಾಗ ಮೂಟೆಗಳಿಗೆ ಚುಚ್ಚಿ ಒಂದಿಷ್ಟು ಕಾಯಿ ತೆಗೀತೀವಿ. ತೇವ ನೋಡಿ, ಸಣ್ಣ ಮೆಷಿನ್ನಿನಲ್ಲಿ ಸಿಪ್ಪೆ ಬಿಡಿಸಿ, ಬೀಜ ತೂಗಿ, 50 ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಬೀಳುತ್ತೆ ಅಂತ ಲೆಕ್ಕ ಹಾಕ್ತೀವಿ. ಅದೇ ಓಟಿ, ಅಂದ್ರೆ ಔಟ್‌ಟರ್ನ್. 26ಕ್ಕೂ 27ಕ್ಕೂ ನಡುವೆ ಇರೋದು ಒಂದೇ ಪಾಯಿಂಟು, ಆದರೆ ನೂರು ಮೂಟೆ ತಂದವರಿಗೆ ಅದು 100 ಕೆಜಿ ಬೀಜದ ದುಡ್ಡು. ಆಮೇಲೆ ಬೀಜವನ್ನ ತಟ್ಟೆಯಲ್ಲಿ ಹರವಿಕೊಂಡು ಕಪ್ಪು ಕಾಳು, ಬೋರರ್ ಹುಳು ಕೊರೆದ ಕಾಳು, ಚೂರು ಎಲ್ಲ ಬೆರಳ ತುದಿಯಲ್ಲಿ ಬೇರೆ ಮಾಡಬೇಕು. ನನ್ನ ಲೆಕ್ಕ ತಪ್ಪು ಅಂತ ಆರು ವರ್ಷದಲ್ಲಿ ಯಾರೂ ಮತ್ತೆ ತೂಗಿಸಿದ್ದಿಲ್ಲ.

ನನಗೆ ಹದಿಮೂರನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್. ಸಿಹಿ ತಿಂದು ಬಂದಿದ್ದಲ್ಲ. ಮೈಯ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಕೊಂದುಹಾಕಿದೆ, ಹಾಗಾಗಿ ಮಾತ್ರೆ ಸಾಕಾಗಲ್ಲ, ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್. ಮಧ್ಯಾಹ್ನದ್ದನ್ನ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ತೀನಿ. ತಗೊಂಡ ಮೇಲೆ ಊಟ ಮಾಡಲೇಬೇಕು, ಇಲ್ಲದಿದ್ರೆ ರಕ್ತದಲ್ಲಿನ ಸಕ್ಕರೆ ಕುಸಿಯುತ್ತೆ. ಕೆಲಸಕ್ಕೆ ಸೇರೋವಾಗಲೇ ಇದನ್ನೆಲ್ಲ ಹೇಳಿದ್ದೆ.

ಹೋದ ಜನವರಿ. ಸೀಸನ್ ಜೋರಾಗಿತ್ತು, ಲಾರಿಗಳು ರಸ್ತೆವರೆಗೂ ನಿಂತಿದ್ದವು. ಹನ್ನೆರಡೂವರೆಗೆ ಇಂಜೆಕ್ಷನ್ ತಗೊಂಡೆ. ಒಂದು ಗಂಟೆಗೆ ಡಬ್ಬಿ ತೆಗೀಬೇಕು, ಅಷ್ಟರಲ್ಲಿ ಮ್ಯಾನೇಜರ್ ಬಂದು "ದೊಡ್ಡ ಪಾರ್ಟಿ ಕಾಯ್ತಾ ಇದೆ, ಇದೊಂದು ಸ್ಯಾಂಪಲ್ ಮುಗಿಸಿಬಿಡಮ್ಮ" ಅಂದ್ರು. "ಸಾರ್, ಇಂಜೆಕ್ಷನ್ ಆಗಿದೆ, ಊಟ ಮಾಡ್ಬೇಕು" ಅಂದೆ. "ಹತ್ತೇ ನಿಮಿಷ" ಅಂದ್ರು. ಅದಾದ ಮೇಲೆ ಇನ್ನೊಂದು ಬಂತು, ಆಮೇಲೆ ಮತ್ತೊಂದು.

ಒಂದೂಮುಕ್ಕಾಲು ದಾಟಿತ್ತು. ತಣ್ಣಗಿನ ರೂಮಿನಲ್ಲೂ ಬೆನ್ನೆಲ್ಲ ಬೆವರು. ತಕ್ಕಡಿಯ ಅಂಕಿ ಎರಡೆರಡಾಗಿ ಕಾಣೋಕೆ ಶುರುವಾಯ್ತು. ಕೈಯಲ್ಲಿದ್ದ ಕಾಳು ಒಳ್ಳೇದೋ ಕಪ್ಪೋ ಅಂತ ಗೊತ್ತಿದ್ದೂ ಯಾವ ಕಡೆ ಹಾಕಬೇಕು ಅಂತ ತಿಳೀಲಿಲ್ಲ. ಅಷ್ಟು ಹೆದರಿಕೆ ನನಗೆ ಬೇರೆ ಯಾವುದಕ್ಕೂ ಆಗಿಲ್ಲ. ಗೋಡೆ ಹಿಡಿದು ಕೆಳಗೆ ಕೂತೆ. ಜೊತೆಯವಳು ನನ್ನ ಬ್ಯಾಗಿಂದ ಶುಗರ್ ಮೀಟರ್ ತೆಗೆದು ನೋಡಿದ್ಲು, 48. 70ಕ್ಕಿಂತ ಕೆಳಗಿಳಿದರೇ ಹುಷಾರಾಗಬೇಕು. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದ್ಲು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 86. ಎದ್ದು ಊಟ ಮಾಡಿದೆ, ಸಂಜೆವರೆಗೂ ಕೆಲಸ ಮಾಡಿದೆ.

ಮಾರನೇ ದಿನ ಮ್ಯಾನೇಜರ್ ಕರೆದು ಕೂರಿಸಿಕೊಂಡು ಹೇಳಿದ್ರು: "ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾಳೆ ನಮ್ಮ ತಲೆಗೆ ಬರುತ್ತೆ. ಗೇಟಲ್ಲಿ ಆರಾಮಾಗಿ ಕೂತಿರು."

ಬೈದಿದ್ದರೆ ತಿರುಗಿ ಕೇಳಬಹುದಿತ್ತು. ಅಯ್ಯೋ ಪಾಪ ಅನ್ನೋರಿಗೆ ಏನಂತ ಹೇಳೋದು? ಸ್ಯಾಂಪಲ್ ರೂಮಿನವರಿಗೆ ಸೀಸನ್ನಿನಲ್ಲಿ ಕೊಡೋ 1,800 ರೂಪಾಯಿ ಭತ್ಯೆ ನನಗೆ ನಿಂತಿತು. ಪ್ರತಿ ತಿಂಗಳು ಫಿಟ್ನೆಸ್ ಸರ್ಟಿಫಿಕೇಟ್ ತರಬೇಕು ಅಂದ್ರು. ಅದಕ್ಕೆ ಅರ್ಧ ದಿನ ರಜೆ, ಅರ್ಧ ದಿನದ ಸಂಬಳ ಕಟ್. ಬೀಡಿ ಸೇದೋಕೆ ದಿನಕ್ಕೆ ಮೂರು ಸಲ ಹೊರಗೆ ಹೋಗೋರ ಹತ್ತು ನಿಮಿಷವನ್ನ ಅಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ, ಇಡೋದೂ ಬೇಡ.

ನಾನು ಬಿದ್ದಿದ್ದು ಕಾಯಿಲೆಯಿಂದ ಅಂತ ಎಲ್ಲರೂ ಹೇಳ್ತಾರೆ. ಅಲ್ಲ. ಇಂಜೆಕ್ಷನ್ ಆದ ಮೇಲೆ ಊಟ ತಡೆದಿದ್ದರಿಂದ ಬಿದ್ದೆ. ತಡೆದವರು ಅದೇ ಕುರ್ಚಿಯಲ್ಲಿದ್ದಾರೆ, ಜಾಗ ಬದಲಾಗಿದ್ದು ನನ್ನದು.

ಕಾನೂನಿನಲ್ಲಿ ಏನಾದರೂ ಇದೆಯಾ ಅಂತ ಹುಡುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆ ಅದರಲ್ಲಿವೆ, ಅದು ಸರಿಯಾಗೇ ಇದೆ. ಟೈಪ್ 1 ಡಯಾಬಿಟಿಸ್ ಹೆಸರಿಲ್ಲ. ಆ ಪಟ್ಟಿಯನ್ನ ಎರಡು ಸಲ ಮೇಲಿಂದ ಕೆಳಗೆ ಓದಿದೆ, ಕಣ್ಣು ತಪ್ಪಿರಬಹುದು ಅಂತ.

ಹೋದ ತಿಂಗಳು ಗೇಟಿನಲ್ಲಿ ಹಳೇ ಬೆಳೆಗಾರರೊಬ್ಬರು ಜೀಪು ನಿಲ್ಲಿಸಿ, "ಏನಮ್ಮ, ಇಲ್ಲಿ ಕೂತಿದ್ದೀಯ? ನಮ್ಮ ಓಟಿ ಈಗ ಯಾರು ನೋಡ್ತಾರೆ?" ಅಂದ್ರು. ಬಾಯಿಂದ ಉತ್ತರ ಹೊರಡಲಿಲ್ಲ. ಆ ರಾತ್ರಿ ಮನೆಗೆ ಬಂದು ಅರ್ಜಿ ಬರೆದೆ. ನನ್ನ ಹಳೇ ಜಾಗ ವಾಪಸ್ ಕೊಡಿ, ಒಂದು ಗಂಟೆಗೆ ಊಟಕ್ಕೆ ಬಿಡಿ, ಬೇಕಾದಾಗ ಶುಗರ್ ನೋಡಿಕೊಳ್ಳೋಕೆ ಹತ್ತು ನಿಮಿಷ ಕೊಡಿ ಅಂತ. ಡಾಕ್ಟರ ಚೀಟಿಯನ್ನೂ ಲಗತ್ತಿಸಿದೆ. ಆಫೀಸಿನಲ್ಲಿ ಬಾಯಿಮಾತಲ್ಲೇ ಮುಗಿಸೋಣ ಅಂದ್ರು. ಸೀಲು ಹಾಕಿಕೊಡೋವರೆಗೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ.

ಉತ್ತರ ಇನ್ನೂ ಬಂದಿಲ್ಲ. ಡಿಸೆಂಬರಿಗೆ ಹಣ್ಣು ಕೊಯ್ಲು ಶುರುವಾಗುತ್ತೆ, ಅಷ್ಟರೊಳಗೆ ಇನ್ನೊಂದು ಅರ್ಜಿ ಕೊಡ್ತೀನಿ.