ಎಲ್ರೂ ಇಪ್ಪತ್ತೆರಡೇ ಹಾಕೋದು

“ಎಲ್ರೂ 22 ಪಿಎಫ್ಫೇ ಹಾಕೋದು ಸಾರ್.” ಸೋಮವಾರ ಫೋನಲ್ಲಿ ಕೇಳಿದ ಈ ಮಾತು ಇನ್ನೂ ಕಿವಿ ಬಿಟ್ಟಿಲ್ಲ. ಪಿಎಫ್ ಅಂದರೆ ಪಿಕೋಫ್ಯಾರಡ್, ಕೆಪಾಸಿಟರ್ ಎಷ್ಟು ಚಾರ್ಜ್ ಕೂಡಿಡುತ್ತೆ ಅನ್ನೋದರ ಅಳತೆ.

ಪರಿಚಯದವರ ಶಾಲೆಯ ಬೆಲ್ ಟೈಮರ್ ತಿಂಗಳಿಗೆ ಸುಮಾರು ಐದು ನಿಮಿಷ ಹಿಂದೆ ಬೀಳುತ್ತಿತ್ತು. ವಾರಕ್ಕೊಮ್ಮೆ ಸ್ಟೂಲ್ ಹತ್ತಿ ಸರಿಮಾಡುತ್ತಿದ್ದ ಅಟೆಂಡರ್ ಪಾಪ, ಗೊಣಗಿದವರಲ್ಲ. ಗೊಣಗಿದ್ದೆಲ್ಲ ಬೆಲ್ಲಿಗೆ ಮೊದಲೇ ಬ್ಯಾಗು ಹೆಗಲಿಗೇರಿಸುವ ಮೇಷ್ಟ್ರುಗಳು.

ಬಿಚ್ಚಿ ನೋಡಿದರೆ ಗಡಿಯಾರಕ್ಕೆ ತಾಳ ಕೊಡುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್, ಪಕ್ಕದಲ್ಲಿ ಎರಡು 22 ಪಿಎಫ್ ಕೆಪಾಸಿಟರ್. ಬೋರ್ಡ್ ಮಾಡಿದ ಹುಡುಗನಿಗೆ ಫೋನ್ ಮಾಡಿ, ಕ್ರಿಸ್ಟಲ್ಲಿನ ಲೋಡ್ (ಸರಿಯಾದ ವೇಗದಲ್ಲಿ ಮಿಡಿಯಲು ಅದಕ್ಕೆ ಬೇಕಾದ ಕೆಪಾಸಿಟನ್ಸ್) ಎಷ್ಟು ಅಂದೆ. “ಲೋಡಾ?” ಅಂದು ಸ್ವಲ್ಪ ತಡೆದು, ಆ ಮಾತು ಹೇಳಿದ. ಆಮೇಲೆ ಪ್ಯಾಕೆಟ್ಟಿನ ಫೋಟೊ ಕಳಿಸಿದ: 6 ಪಿಎಫ್.

ಕ್ರಿಸ್ಟಲ್ಲಿನ ಪಾಲಿಗೆ ಆ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿರುತ್ತವೆ, ಅಂದರೆ ಒಂದರ ಹಿಂದೊಂದು, ಹಾಗಾಗಿ ಎರಡೂ ಸೇರಿ ಒಂದರ ಅರ್ಧ: 11. ಚಿಪ್ಪಿನ ಪಿನ್ನು, ಬೋರ್ಡಿನ ತಾಮ್ರದ ಗೆರೆಗಳು, ಅಂದರೆ ಟ್ರ್ಯಾಕುಗಳು, ತಾವಾಗೇ ಸೇರಿಸೋದು ಒಂದು ನಾಲ್ಕು. ಆರು ಕೇಳಿದ್ದಕ್ಕೆ ಹದಿನೈದು ಹೊರಿಸಿದ ಹಾಗಾಯಿತು. ಲೋಡ್ ಹೆಚ್ಚಿದಷ್ಟೂ ಗಡಿಯಾರ ನಿಧಾನ: ದಿನಕ್ಕೆ ಒಂಬತ್ತು ಹತ್ತು ಸೆಕೆಂಡ್, ವಾರಕ್ಕೆ ಒಂದು ನಿಮಿಷದ ಮೇಲೆ. ಅಟೆಂಡರ್ ಲೆಕ್ಕ ಸರಿಯಾಗೇ ಇತ್ತು.

ಹುಡುಗ ದಡ್ಡನಲ್ಲ. ಶನಿವಾರದ ಅರ್ಧ ದಿನ, ಪರೀಕ್ಷೆಯ ವೇಳಾಪಟ್ಟಿ ಎಲ್ಲಾ ಪ್ರೋಗ್ರಾಂನಲ್ಲಿ ಚೆನ್ನಾಗಿ ಕೂರಿಸಿದ್ದಾನೆ. 22 ಅನ್ನೋದೂ ಸುಳ್ಳಲ್ಲ. 18 ಪಿಎಫ್ ಲೋಡಿನ 8 ಅಥವಾ 16 ಮೆಗಾಹರ್ಟ್ಸ್ ಕ್ರಿಸ್ಟಲ್ಲಿಗೆ ನಡೆಯುತ್ತೆ. ತುಸು ಹೆಚ್ಚುಕಮ್ಮಿಯಾದರೂ ಎಲ್‌ಇಡಿ ಮಿನುಗುತ್ತೆ, ಯಾರಿಗೂ ಗೊತ್ತಾಗಲ್ಲ. ನಮ್ಮ ಕಾಲದಲ್ಲಿ ಇದೇ ಜಾಗದಲ್ಲಿ 33 ಇತ್ತು. 8051 ಅನ್ನೋ ಮೈಕ್ರೋಕಂಟ್ರೋಲರ್ ಚಿಪ್ಪಿನ ಸರ್ಕ್ಯೂಟನ್ನ ಸೀನಿಯರ್ ರೆಕಾರ್ಡಿನಿಂದ ಇಳಿಸಿಕೊಳ್ಳುತ್ತಿದ್ದೆವು, ಅವರು ಅವರ ಸೀನಿಯರಿನದ್ದು. ವೈವಾದಲ್ಲಿ ಪಿನ್ ನಂಬರ್ ಕೇಳುವವರು ಇದ್ದರು, 33 ಯಾಕೆ ಅಂತ ಕೇಳಿದವರಿಲ್ಲ. ಕೇಳಿದ್ದರೆ ಅವರಿಗೂ ಉತ್ತರ ಬೇಕಾಗುತ್ತಿತ್ತಲ್ಲ!

ಸದ್ಯಕ್ಕೆ 4.7 ಪಿಎಫ್‌ನವು ಎರಡು ಹಾಕಿದೆ, ಶಾಖಕ್ಕೆ ಬದಲಾಗದ ಎನ್‌ಪಿ‌ಝೀರೊ ಜಾತಿಯವು. ಮುಂದಿನ ಬ್ಯಾಚಿಗೆ 12.5 ಪಿಎಫ್ ಲೋಡಿನ ಕ್ರಿಸ್ಟಲ್ ತಗೊಂಡರೆ 18 ಪಿಎಫ್ ಕೆಪಾಸಿಟರ್ ನಡೆಯುತ್ತೆ ಅಂತ ಹುಡುಗನಿಗೆ ಹೇಳಿದೆ. ನಿನ್ನೆ ಅವನೇ ಫೋನ್ ಮಾಡಿದ.

“ಟ್ರ್ಯಾಕಿಗೆ ನಾಲ್ಕು ಅಂತ ಹೇಗೆ ಗೊತ್ತಾಯ್ತು ಸಾರ್?”

“ಅಂದಾಜು ಕಣಪ್ಪ. ಬೋರ್ಡ್ ತಗೊಂಡು ಬಾ, ಅಳೆಯೋಣ. ಅಳೆಯೋ ಉಪಕರಣದ ಪ್ರೋಬನ್ನ ಕ್ರಿಸ್ಟಲ್ಲಿಗೇ ಮುಟ್ಟಿಸಬೇಡ, ಅದೇ ಒಂದು ಹತ್ತು ಪಿಎಫ್ ಸೇರಿಸುತ್ತೆ. ಚಿಪ್ಪಿನ ಕ್ಲಾಕ್ ಔಟ್‌ಪುಟ್‌ನಲ್ಲಿ ನೋಡಬೇಕು.”