ಹನೋಯ್‌ನ ಹ್ವಾ ಲೊ ಜೈಲು: ಟೂರ್ ವ್ಯಾನ್ ಹತ್ತುವ ಮುಂಚೆ ಇಷ್ಟು ಓದಿ

ವಿಯೆಟ್ನಾಂಗೆ ಹೋಗುವವರು ಹನೋಯ್‌ನ ಹ್ವಾ ಲೊ ಜೈಲು ನೋಡಬೇಕು ಅಂದುಕೊಂಡಿದ್ದರೆ ಪ್ಯಾಕೇಜ್ ಟೂರಿನಲ್ಲಿ ಮಾತ್ರ ಹೋಗಬೇಡಿ. ಅದು ಊರಿನ ನಡುಮಧ್ಯೆಯೇ ಇದೆ. ಹೋನ್ ಕಿಯೆಮ್ ಕೆರೆಯಿಂದ ನಡೆದರೆ ಕಾಲು ಗಂಟೆ. ಇದಕ್ಕೆ ವ್ಯಾನ್ ಯಾಕೆ ಅಂತ ನಾನು ಕೇಳುವಷ್ಟರಲ್ಲಿ ಭಾವ ಮುಂಗಡ ಕೊಟ್ಟುಬಿಟ್ಟಿದ್ದರು. ಜೈಲು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಪೈಲಟ್ ಜಾನ್ ಮೆಕೇನ್ ಬಿದ್ದ ಕೆರೆ, ಅಮೆರಿಕದ ಬಿ-52 ಬಾಂಬರ್ ವಿಮಾನದ ಅವಶೇಷ, ಮೂರನ್ನೂ ತೋರಿಸ್ತೀವಿ ಅಂತ ಚೀಟಿಯಲ್ಲೇ ಬರೆದುಕೊಟ್ಟಿದ್ದರು.

ವ್ಯಾನು ಹೋಟೆಲಿಂದ ಹೋಟೆಲಿಗೆ ಜನ ತುಂಬಿಕೊಳ್ಳುತ್ತಾ ಹಳೇ ಪೇಟೆಯ ಗಲ್ಲಿಗಳಲ್ಲೇ ಗಿರಕಿ ಹೊಡೆಯಿತು. ಹಿಂದಿನ ಸೀಟಿಗೆ ಎಸಿ ಇಲ್ಲ, ಕಿಟಕಿ ತೆಗೆಯೋಕೂ ಬರಲ್ಲ. ಆಮೇಲೆ ನಿಲ್ಲಿಸಿದ್ದು ರೇಷ್ಮೆ ಅಂಗಡಿಗೆ. ಅದು ಮುಗಿದ ಮೇಲೆ ಮುತ್ತಿನ ಅಂಗಡಿಗೆ. ಅಕ್ಕ ಮೈಸೂರು ಸಿಲ್ಕ್ ಬಿಟ್ಟು ಬೇರೆ ಮುಟ್ಟದವಳು, ಅವಳಿಗೆ ಆ ರೇಷ್ಮೆ ತೋರಿಸಿ ಏನು ಪ್ರಯೋಜನ? ಜೈಲಿನ ಬಾಗಿಲಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮುಕ್ಕಾಲು ಗಂಟೆಯೊಳಗೆ ವಾಪಸ್ ಬನ್ನಿ ಅಂದ ಗೈಡ್. ಮೆಕೇನ್ ಬಿದ್ದ ಕೆರೆಯನ್ನು ಓಡುವ ವ್ಯಾನಿನಿಂದಲೇ ಬೆರಳು ಮಾಡಿ ತೋರಿಸಿದ. ಬಿ-52 ಕೇಳಿದರೆ "ಇವತ್ತು ರಜೆ" ಅಂದ. ಆ ಅವಶೇಷ ಬಿದ್ದಿರುವುದು ಮನೆಗಳ ನಡುವಿನ ಹೂ ತಿಯೆಪ್ ಅನ್ನುವ ಕೊಳದಲ್ಲಿ. 1972ರ ಡಿಸೆಂಬರ್ 27ರ ರಾತ್ರಿ ಬಿದ್ದದ್ದು ಇವತ್ತಿಗೂ ನೀರಿನಲ್ಲೇ ಇದೆ. ಕೊಳಕ್ಕೆ ಎಲ್ಲಿಯ ರಜೆ?

ಹಾಗಾಗಿ ಮಾರನೇ ದಿನ ಒಬ್ಬನೇ ನಡೆದು ಹೋದೆ. ಬೆಳಗ್ಗೆ ಎಂಟಕ್ಕೇ ಬಾಗಿಲು ತೆಗೆಯುತ್ತಾರೆ, ಆಗಲೇ ಹೋಗಿ. ಟಿಕೆಟ್ 50,000 ಡಾಂಗ್, ಆಡಿಯೋ ಗೈಡ್‌ಗೆ ಬೇರೆ ದುಡ್ಡು. ಹತ್ತರ ನಂತರ ಬಾವುಟ ಹಿಡಿದ ಗೈಡ್‌ಗಳ ಹಿಂದೆ ಜನ ಸಾಲುಗಟ್ಟಿ ಬರುತ್ತಾರೆ. ಕಿರಿದಾದ ಓಣಿಗಳು, ಮಬ್ಬು ಬೆಳಕು. ನನಗೆ ನೂಕುನುಗ್ಗಲು ಆಗುವುದೇ ಇಲ್ಲ, ತಿರುಪತಿಗೂ ಹೋಗದವನು ನಾನು. ನಿಮಗೆ ಅದೆಲ್ಲ ಅಭ್ಯಾಸ ಇದ್ದರೆ ಯಾವಾಗ ಬೇಕಾದರೂ ಹೋಗಬಹುದು.

ಈ ಜೈಲು ಕಟ್ಟಿಸಿದ್ದು ಫ್ರೆಂಚರು, 1896ರಲ್ಲಿ. ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಪೈಲಟ್‌ಗಳನ್ನು ಇಟ್ಟ ಜಾಗ ಅಂತಲೇ ಇದು ಹೆಸರುವಾಸಿ, ಆದರೆ ಮ್ಯೂಸಿಯಂನ ಬಹುಪಾಲು ಫ್ರೆಂಚರ ಕಾಲದ ವಿಯೆಟ್ನಾಂ ಕೈದಿಗಳದ್ದು. ಕಾಲಿಗೆ ಕೋಳ ಹಾಕಿ ಸಾಲಾಗಿ ಕೂರಿಸಿದ ಬೊಂಬೆಗಳು, ತಲೆ ಕತ್ತರಿಸುವ ನಿಜವಾದ ಗಿಲೋಟಿನ್ ಯಂತ್ರ, ಕೈದಿಗಳು ನುಸುಳಿ ಪಾರಾದ ಚರಂಡಿಯ ಬಾಯಿ. ಅಂಗಳದಲ್ಲಿ ಕಾಡು ಬಾದಾಮಿ ಮರ, ನಮ್ಮ ಸ್ಕೂಲ್ ಅಂಗಳದಲ್ಲಿ ಇರುತ್ತಲ್ಲ, ಅದೇ ಮರ. ಅದರ ಎಲೆ, ತೊಗಟೆಯೇ ಕೈದಿಗಳಿಗೆ ಔಷಧಿ. ಇದನ್ನು ಅವಸರದಲ್ಲಿ ದಾಟಬೇಡಿ. ಇನ್ನೊಂದು ವಿಷಯ, ಜೈಲಿನ ಬಹುಭಾಗವನ್ನು 1990ರ ದಶಕದಲ್ಲೇ ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸಿದ್ದಾರೆ. ನಾವು ನೋಡುವುದು ಮುಂಬಾಗಿಲ ಕಡೆಯ ಒಂದು ತುಂಡು ಮಾತ್ರ.

ನನಗೆ ಆಶ್ಚರ್ಯ ಆಗಿದ್ದು ಅಮೆರಿಕನ್ನರ ಭಾಗದಲ್ಲಿ. ಇರುವುದು ಒಂದೆರಡು ಕೋಣೆ. ಗೋಡೆ ತುಂಬ ಫೋಟೋ. ಕೈದಿಗಳು ಬಾಸ್ಕೆಟ್‌ಬಾಲ್ ಆಡುತ್ತಿದ್ದಾರೆ, ಚೆಸ್ ಆಡುತ್ತಿದ್ದಾರೆ, ಕ್ರಿಸ್‌ಮಸ್ ಮರ ಸಿಂಗರಿಸುತ್ತಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಮೆಕೇನ್ ಅವರದ್ದು ಅಂತ ಹೇಳುವ ಪೈಲಟ್ ಉಡುಪು. ನಮ್ಮ ಜೊತೆ ಬಂದವರೊಬ್ಬರು ಹಿಂದಿನ ದಿನ ಇದನ್ನು ನೋಡಿ "ಚೆನ್ನಾಗೇ ನೋಡಿಕೊಂಡಿದ್ದಾರೆ ಬಿಡಿ" ಅಂದಿದ್ದರು. ಬಿಡುಗಡೆಯಾಗಿ ಅಮೆರಿಕಕ್ಕೆ ವಾಪಸ್ ಹೋದ ಕೈದಿಗಳು ಹೇಳಿದ ಕತೆ ಓದದೆ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಆ ಕತೆಯನ್ನು ಊರು ಬಿಡುವ ಮುಂಚೆಯೇ ಓದಿಕೊಂಡು ಹೋಗಿ. ಕೈಗಳನ್ನು ಬೆನ್ನ ಹಿಂದೆ ಹಗ್ಗದಲ್ಲಿ ಬಿಗಿದು ಭುಜದ ಕೀಲು ತಪ್ಪುವವರೆಗೂ ಎಳೆಯುತ್ತಿದ್ದರಂತೆ. ವರ್ಷಗಟ್ಟಲೆ ಒಂಟಿ ಕೋಣೆ. ಮಾತಾಡುವಂತಿಲ್ಲ, ಅದಕ್ಕೇ ಗೋಡೆ ಕುಟ್ಟುವ ಲಿಪಿ ಬಳಸುತ್ತಿದ್ದರು. ಐದು ಅಡ್ಡ ಸಾಲು, ಐದು ಉದ್ದ ಸಾಲಿನ ಚೌಕದಲ್ಲಿ ಇಪ್ಪತ್ತೈದು ಅಕ್ಷರ, ಎಷ್ಟನೇ ಸಾಲು ಅಂತ ಅಷ್ಟು ಸಲ ಕುಟ್ಟುವುದು. ಇಂಗ್ಲಿಷಿನ 'ಕೆ'ಗೆ ಜಾಗ ಸಾಲದೆ 'ಸಿ'ಯಲ್ಲೇ ಸುಧಾರಿಸಿಕೊಂಡರು. ಜೆರೆಮಾಯಾ ಡೆಂಟನ್ ಅನ್ನುವ ಅಧಿಕಾರಿಯನ್ನು 1966ರಲ್ಲಿ ಟಿವಿ ಸಂದರ್ಶನಕ್ಕೆ ಕೂರಿಸಿದರು. ಆತ ಬಾಯಲ್ಲಿ ಒಂದು ಹೇಳುತ್ತಾ, ಕಣ್ಣು ಮಿಟುಕಿಸಿ ಮೋರ್ಸ್ ಲಿಪಿಯಲ್ಲಿ ಚಿತ್ರಹಿಂಸೆ ಅಂತ ತಿಳಿಸಿದರು. ಜೇಮ್ಸ್ ಸ್ಟಾಕ್‌ಡೇಲ್ ಅನ್ನುವ ಇನ್ನೊಬ್ಬ ಕೈದಿ ತಮ್ಮನ್ನು ಪ್ರಚಾರದ ಚಿತ್ರಕ್ಕೆ ಬಳಸಬಾರದು ಅಂತ ಸ್ಟೂಲಿನಿಂದ ತಮ್ಮ ಮುಖವನ್ನೇ ಜಜ್ಜಿಕೊಂಡರು.

ನನಗೆ ತುಂಬ ಹಿಡಿಸಿದ್ದು ಡಗ್ಲಸ್ ಹೆಗ್ಡಾಲ್ ಕತೆ. ಪೈಲಟ್ ಅಲ್ಲ, ಹಡಗಿನಿಂದ ಸಮುದ್ರಕ್ಕೆ ಬಿದ್ದು ಸಿಕ್ಕಿಬಿದ್ದ ಎಳೆಯ ನಾವಿಕ. ಹನೋಯ್‌ನ ಇನ್ನೊಂದು ಸೆರೆಮನೆಯಲ್ಲಿದ್ದ. ಪೆದ್ದನ ಹಾಗೆ ನಟಿಸಿದ. ಕಾವಲಿನವರು ಸುಮ್ನೆ ಅಂಗಳದಲ್ಲಿ ಓಡಾಡಲು ಬಿಟ್ಟರು. ಅವನು ಲಾರಿಗಳ ಪೆಟ್ರೋಲ್ ಟ್ಯಾಂಕಿಗೆ ಮಣ್ಣು ಸುರಿದ. ಮಕ್ಕಳ ಹಾಡಿನ ಧಾಟಿಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಕೈದಿಗಳ ಹೆಸರು ಬಾಯಿಪಾಠ ಮಾಡಿಕೊಂಡ. 1969ರಲ್ಲಿ ಬಿಡುಗಡೆಯಾದ ಮೇಲೆ ಅಷ್ಟನ್ನೂ ಒಪ್ಪಿಸಿದ. ಎಷ್ಟೋ ಮನೆಯವರಿಗೆ ಗಂಡ, ಮಗ ಬದುಕಿದ್ದಾನೆ ಅಂತ ತಿಳಿದದ್ದೇ ಆಗ. ಅದೇ ವರ್ಷದ ಕೊನೆಯ ಹೊತ್ತಿಗೆ ಹಿಂಸೆಯೂ ಕಮ್ಮಿಯಾಯಿತು. ನಾನು ನೋಡಿದ ಮಟ್ಟಿಗೆ ಈ ಹುಡುಗನ ಸುದ್ದಿ ಮ್ಯೂಸಿಯಂನಲ್ಲಿ ಇರಲಿಲ್ಲ.

ಹೊರಗೆ ಬಂದ ಮೇಲೆ ಊಟದ ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಜೈಲಿನಿಂದ ಅಷ್ಟು ದೂರವೇನಲ್ಲದ ಕ್ವಾನ್ ಸು ಅನ್ನುವ ಬೌದ್ಧ ಗುಡಿಯ ಆಸುಪಾಸಿನ ಓಣಿಗಳಲ್ಲಿ ಸಸ್ಯಾಹಾರದ ಸಣ್ಣ ಅಂಗಡಿಗಳಿವೆ. ಸಸ್ಯಾಹಾರಕ್ಕೆ ಅಲ್ಲಿ 'ಚಾಯ್' ಅನ್ನುತ್ತಾರೆ, ಹಾಗೆ ಕೇಳಿದರೆ ಸಾಕು. ಬರೀ 'ಮಾಂಸ ಬೇಡ' ಅಂದರೆ ಮೀನಿನ ರಸ ಹಾಕಿಯೇ ಕೊಡುತ್ತಾರೆ, ಹುಷಾರು. ನಾನು ಹೋದ ಅಂಗಡಿಗೆ ಇಂಗ್ಲಿಷ್ ಬೋರ್ಡ್ ಇರಲಿಲ್ಲ. ಒಬ್ಬ ಅಜ್ಜಿ, ಸೊಸೆ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಬೆರಳು ತೋರಿಸಿದ್ದನ್ನೆಲ್ಲ ತಟ್ಟೆಗೆ ಹಾಕಿದರು. ಬಿಸಿ ಅನ್ನ, ಟೊಮೇಟೊದಲ್ಲಿ ಬೇಯಿಸಿದ ತೋಫು, ಎಳೆ ಹಲಸಿನಕಾಯಿ, ಬಾಳೆ ಹೂವು, ಉಪ್ಪುನೀರಿನಲ್ಲಿಟ್ಟ ಪುಟ್ಟ ಬಿಳಿ ಬದನೆ. ಸೊಪ್ಪು ಬೇಯಿಸಿದ ನೀರಿಗೇ ಹುಳಿ ಹಿಂಡಿ ಸಾರಿನ ಜಾಗದಲ್ಲಿ ಕೊಟ್ಟರು. ಅನ್ನದ ಮೇಲೆ ಎಳ್ಳು, ಕಡಲೇಕಾಯಿ, ಉಪ್ಪು ಕುಟ್ಟಿದ ಪುಡಿ. ಖಾರ ಒಂದು ಇದ್ದಿದ್ದರೆ ನಮ್ಮ ಚಟ್ನಿಪುಡಿಯೇ. ಎರಡನೇ ಸಲ ಅನ್ನ ಹಾಕಿದ್ದಕ್ಕೆ ಅಜ್ಜಿ ದುಡ್ಡೇ ತಗೊಳ್ಳಲಿಲ್ಲ. ಎಲ್ಲ ಸೇರಿ ಜೈಲಿನ ಟಿಕೆಟ್‌ಗಿಂತ ಕಮ್ಮಿ ಆಯಿತು. ಹಿಂದಿನ ರಾತ್ರಿ ಹಳೇ ಪೇಟೆಯ ಇಂಡಿಯನ್ ರೆಸ್ಟೋರೆಂಟಿನಲ್ಲಿ ಇದರ ಎಷ್ಟೋ ಪಟ್ಟು ಕೊಟ್ಟು ತಣ್ಣಗಿನ ದಾಲ್ ತಿಂದಿದ್ದೆವು. ಅಲ್ಲಿನ ಜನ ತಮ್ಮ ಚಾಂದ್ರಮಾನ ತಿಂಗಳ ಮೊದಲ ದಿನ, ಹುಣ್ಣಿಮೆ ದಿನ ಮಾಂಸ ಬಿಡುವುದು ಜಾಸ್ತಿ. ಆ ದಿನಗಳಲ್ಲಿ ಇಂಥ ಅಂಗಡಿಗಳಲ್ಲಿ ಬೇಗ ಹೋಗದಿದ್ದರೆ ಪಾತ್ರೆ ಖಾಲಿ.

ಸಂಜೆ ಟ್ರುಕ್ ಬಾಕ್ ಕೆರೆಗೆ ಹೋಗಿ, ಬಿಸಿಲಲ್ಲಿ ಬೇಡ. ಮೆಕೇನ್ ವಿಮಾನ ಹೊಡೆದುರುಳಿಸಿದ್ದು 1967ರ ಅಕ್ಟೋಬರ್ 26ರಂದು. ಎರಡೂ ಕೈ, ಒಂದು ಕಾಲು ಮುರಿದು ಈ ನೀರಿಗೆ ಬಿದ್ದರು. ಕೆಲವರು ದಡಕ್ಕೆ ಎಳೆದರು, ಕೆಲವರು ಹೊಡೆದರು. ತಾನ್ ನಿಯೆನ್ ರಸ್ತೆಯ ಪಕ್ಕ ಒಂದು ಕಲ್ಲಿನ ಕೆತ್ತನೆ ಇದೆ, ಕೈ ಮೇಲೆತ್ತಿ ಮಂಡಿಯೂರಿದ ಮನುಷ್ಯ. ಅದನ್ನು ನಿಲ್ಲಿಸಿದ್ದು ವಿಮಾನ ಹೊಡೆದ ಹೆಮ್ಮೆಗೆ. ಆದರೆ 2018ರಲ್ಲಿ ಮೆಕೇನ್ ತೀರಿಕೊಂಡಾಗ ಹನೋಯ್‌ನವರೇ ಅಲ್ಲಿ ಹೂವಿಟ್ಟರು. ಅಪ್ಪ ಅಮೆರಿಕದ ನೌಕಾಪಡೆಯ ದೊಡ್ಡ ಅಧಿಕಾರಿ ಅಂತ ಇವರನ್ನು ಮೊದಲೇ ಬಿಡಲು ಒಪ್ಪಿದ್ದರು. ಮುಂಚೆ ಬಂದವರು ಮೊದಲು ಹೋಗಲಿ ಅಂತ ಮೆಕೇನ್ ಒಪ್ಪಲಿಲ್ಲ, 1973ರ ಮಾರ್ಚ್‌ವರೆಗೂ ಒಳಗೇ ಇದ್ದರು. ಆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಡುಗಡೆಯಾದ ಅಮೆರಿಕನ್ನರು ಒಟ್ಟು 591. ಡೆಂಟನ್, ಮೆಕೇನ್ ಇಬ್ಬರೂ ಸೆನೆಟರ್ ಆದರು. ಸ್ಟಾಕ್‌ಡೇಲ್ 1992ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಆರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದ ಪೀಟ್ ಪೀಟರ್ಸನ್ ಅಂತೂ 1997ರಲ್ಲಿ ಅಮೆರಿಕದ ರಾಯಭಾರಿಯಾಗಿ ಇದೇ ಊರಿಗೆ ಬಂದರು. ತಮ್ಮನ್ನು ಹಿಡಿದಿದ್ದ ಹಳ್ಳಿಯವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಮದುವೆಯಾಗಿದ್ದೂ ವಿಯೆಟ್ನಾಂ ಮೂಲದವರನ್ನೇ.

ಸಮಯ ಉಳಿದರೆ ಖಾಮ್ ಥಿಯೆನ್ ಬೀದಿಗೆ ಹೋಗಿ, ಟೂರಿನವರು ಸಾಮಾನ್ಯವಾಗಿ ಕರೆದುಕೊಂಡು ಹೋಗಲ್ಲ. 1972ರ ಡಿಸೆಂಬರ್ 26ರ ರಾತ್ರಿ ಬಿ-52ಗಳು ಬಾಂಬ್ ಹಾಕಿದ ಜಾಗ. ಮಗುವನ್ನು ಎತ್ತಿಕೊಂಡ ತಾಯಿಯ ಪ್ರತಿಮೆ ಇದೆ. ಆ ದಿನಗಳಲ್ಲಿ ಬಾಂಬ್ ಸದ್ದು ಕೇಳಿ ಹ್ವಾ ಲೊ ಒಳಗಿದ್ದ ಅಮೆರಿಕನ್ನರು ಇನ್ನು ಬಿಡುಗಡೆ ಆಗುತ್ತೆ ಅಂತ ಖುಷಿಪಟ್ಟಿದ್ದರು. ಎರಡನ್ನೂ ಒಂದೇ ದಿನ ನೋಡಿದರೆ ಯಾರ ಪಕ್ಷ ಹಿಡಿಯುವುದು ಅಂತ ತೋಚಲ್ಲ. ನನಗಂತೂ ತೋಚಲಿಲ್ಲ.

ಪ್ರವಾಸಿಗರೆಲ್ಲ ಹೋಗುವ ಹಾ ಲಾಂಗ್ ಬೇ ಅನ್ನುವ ಕೊಲ್ಲಿಯ ಬಗ್ಗೆ ನಾನೇನೂ ಬರೆಯಲ್ಲ, ಅದನ್ನು ಬರೆದವರು ಬೇಕಾದಷ್ಟಿದ್ದಾರೆ. ಹೋನ್ ಕಿಯೆಮ್ ಸುತ್ತ ಮಾತ್ರ ಚಪ್ಪಲಿ ಕಡೆ ಗಮನ ಇರಲಿ. ಕೇಳದೆಯೇ ಬಗ್ಗಿ ಗೋಂದು ಹಚ್ಚಿ ಆಮೇಲೆ ಲಕ್ಷಗಟ್ಟಲೆ ಡಾಂಗ್ ಕೇಳುವವರಿದ್ದಾರೆ. ಅಮೆರಿಕನ್ ಸೈನಿಕರದ್ದು ಅಂತ ಹೆಸರು ಕೆತ್ತಿದ ಲೈಟರ್, ಕೊರಳ ಬಿಲ್ಲೆ ಮಾರುವವರೂ ಸಿಗುತ್ತಾರೆ. ಅವೆಲ್ಲ ಬಹುತೇಕ ಈಗಿನ ಕಾಲದ ನಕಲಿ. ಭಾವ ಒಂದು ಲೈಟರ್ ಚೌಕಾಸಿ ಮಾಡಿ ತಗೊಂಡರು. ಅದನ್ನು ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರು.